ಎಚ್-ಇಂಡೆಕ್ಸ್ 24 ಇರುವ ಗೈಡ್ ಹತ್ತಿರ ಪಿಎಚ್‌ಡಿಗೆ ಸೇರಬಹುದಾ?

ಸೆಲ್ ಬಯಾಲಜಿ ಲ್ಯಾಬ್ ಒಂದಕ್ಕೆ ಸೇರಬೇಕು ಅಂತಿದ್ದೀರಿ. ಅಲ್ಲಿನ ವಿಜ್ಞಾನಿಯ ಹೆಸರಲ್ಲಿ ಗೂಗಲ್ ಸ್ಕಾಲರ್ 62 ಪೇಪರ್, 5,100 ಸೈಟೇಷನ್ (ಬೇರೆ ಪೇಪರ್‌ಗಳು ಇವರ ಕೆಲಸವನ್ನು ಉಲ್ಲೇಖಿಸಿದ ಸಲ), ಎಚ್-ಇಂಡೆಕ್ಸ್ 24 ಅಂತ ತೋರಿಸುತ್ತಿದೆ. ಇದು ಒಳ್ಳೆಯ ದಾಖಲೆಯಾ ಅಂತ ಕೇಳಿದ್ದೀರಿ.

ನಾನೂ ಇದೇ ಕ್ಷೇತ್ರದವಳು. ಬರೀ ಆ ಮೂರು ಸಂಖ್ಯೆ ನೋಡಿ ನಾನಂತೂ ಏನೂ ಹೇಳಲಾರೆ. ಅದರ ಕೆಳಗಿರುವ ಪಟ್ಟಿಯನ್ನು ಕೂತು ಓದಬೇಕು.

24 ಅಂದರೆ ಅವರ 24 ಪೇಪರ್‌ಗಳಿಗೆ ತಲಾ 24 ಅಥವಾ ಅದಕ್ಕಿಂತ ಜಾಸ್ತಿ ಸೈಟೇಷನ್ ಸಿಕ್ಕಿವೆ ಅಂತ, ಅಷ್ಟೇ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಹೇಳಿಕೊಟ್ಟ ಲೆಕ್ಕ ಇದು. ವರ್ಷ ಕಳೆದಂತೆ ಏರುತ್ತದೆ, ಇಳಿಯುವ ಮಾತೇ ಇಲ್ಲ. ಲ್ಯಾಬ್‌ನಲ್ಲಿ ಹೊಸದೇನೂ ನಡೆಯದಿದ್ದರೂ ಹಳೆಯ ಪೇಪರ್‌ಗಳೇ ಅದನ್ನು ಮೇಲಕ್ಕೆತ್ತುತ್ತವೆ.

ಮೊದಲು ಆ 5,100 ಎಲ್ಲಿಂದ ಬಂತು ನೋಡಿ. ನನ್ನದೇ ಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಅತಿ ಹೆಚ್ಚು ಸೈಟ್ ಆದ ಪೇಪರ್‌ನಲ್ಲಿ ನನ್ನ ಹೆಸರು ಏಳನೆಯದು. ಬೇರೆ ಲ್ಯಾಬ್‌ನವರಿಗೆ ಎರಡು ವಾರ ಮೈಕ್ರೋಸ್ಕೋಪ್ ಚಿತ್ರ ತೆಗೆದುಕೊಟ್ಟಿದ್ದೆ. ಮೂರು ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಮಾಡಿದ ಕೆಲಸ ಪಟ್ಟಿಯಲ್ಲಿ ಎಲ್ಲೋ ಕೆಳಗಿದೆ. ನನ್ನನ್ನು ಅಳೆಯಬೇಕಾದವರು ಅದನ್ನು ಓದಬೇಕು. ಆಟೋಫೇಜಿ (ಕೋಶ ತನ್ನದೇ ಭಾಗಗಳನ್ನು ಒಡೆದು ಮರುಬಳಸುವುದು) ವಿಷಯದಲ್ಲಂತೂ ಪ್ರಯೋಗ ಹೇಗೆ ಮಾಡಬೇಕು ಅನ್ನೋ ಮಾರ್ಗಸೂಚಿ ಪೇಪರ್‌ಗಳಿವೆ. ಲೇಖಕರೇ ಸಾವಿರಾರು ಜನ! ಅಂಥದ್ದೊಂದು ಪಟ್ಟಿಯಲ್ಲಿದ್ದರೆ ಒಟ್ಟು ಸೈಟೇಷನ್ ಒಮ್ಮೆಗೇ ಜಿಗಿಯುತ್ತದೆ. ವಿಧಾನದ ಪೇಪರ್‌ಗಳೂ ಹಾಗೇ. ಪ್ರೋಟೀನ್ ಅಳೆಯುವ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪೇಪರ್‌ಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಷನ್ ಇವೆ. ಬೇಕಾದ ವಿಧಾನ, ಎಲ್ಲರೂ ಬಳಸಿದರು.

ಆಮೇಲೆ ಹೆಸರು ಎಲ್ಲಿದೆ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. 62ರಲ್ಲಿ ಇವರು ಕೊನೆಯಲ್ಲಿರುವುದು ಎಷ್ಟರಲ್ಲಿ ಅಂತ ಎಣಿಸಿ. ಆ ಪೇಪರ್‌ಗಳಲ್ಲಿ ಮೊದಲ ಹೆಸರು ಯಾರದು? ಬೇರೆ ಬೇರೆ ವಿದ್ಯಾರ್ಥಿಗಳದಾ, ಒಬ್ಬರದೇನಾ? ನಿಮ್ಮ ಐದಾರು ವರ್ಷ ನಿಂತಿರುವುದು ಇದರ ಮೇಲೆ. ಲ್ಯಾಬ್‌ನ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳ ಹೆಸರಿದ್ದರೆ ಒಂದೊಂದನ್ನೇ ಪಟ್ಟಿಯಲ್ಲಿ ಹುಡುಕಿ. ಮೊದಲ ಲೇಖಕರಾಗಿ ಒಂದೂ ಪೇಪರ್ ಇಲ್ಲದೆ ಹೋದವರು ಎಷ್ಟು ಜನ ಅಂತ ಗೊತ್ತಾಗುತ್ತದೆ. ನಾನು ಸೇರುವ ಮುಂಚೆ ಇದನ್ನು ನೋಡಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಜರ್ನಲ್ ಹೆಸರು ದೊಡ್ಡದಿಲ್ಲ ಅಂತ ಯಾವ ಪೇಪರನ್ನೂ ಸುಮ್ನೆ ಪಕ್ಕಕ್ಕಿಡಬೇಡಿ. ಜಪಾನಿನ ಕೋಶವಿಜ್ಞಾನಿ ಯೋಶಿನೋರಿ ಓಸುಮಿ ಹಸಿವಿಗೆ ಬಿಟ್ಟ ಯೀಸ್ಟ್ ಕೋಶಗಳನ್ನು ಸಾಧಾರಣ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಿದ್ದರು. ಕೆಲವೇ ಗಂಟೆಗಳಲ್ಲಿ ಕೋಶದ ವ್ಯಾಕ್ಯೂಲ್ (ಬೇಡದ್ದನ್ನು ಕರಗಿಸುವ ಚೀಲ) ಒಳಗೆ ಸಣ್ಣ ಉಂಡೆಗಳು ತುಂಬಿಕೊಂಡು ಓಡಾಡತೊಡಗಿದವು. ಆಟೋಫೇಜಿ ನಡೆಯದ ಯೀಸ್ಟ್ ತಳಿಗಳನ್ನು ಅವರ ಲ್ಯಾಬ್ ಹೆಕ್ಕಿ ತೆಗೆದದ್ದು ಈ ಉಂಡೆಗಳ ಆಧಾರದ ಮೇಲೆಯೇ. ಆ ಪೇಪರ್ 1993ರಲ್ಲಿ ಬಂದದ್ದು ಎಫ್‌ಇಬಿಎಸ್ ಲೆಟರ್ಸ್‌ನಲ್ಲಿ. ಸೆಲ್, ನೇಚರ್ ಅಂತ ಎಲ್ಲರೂ ಹಾತೊರೆಯುವ ಜರ್ನಲ್ ಅಲ್ಲ ಅದು. 2016ರಲ್ಲಿ ಅವರಿಗೆ ನೊಬೆಲ್ ಬಂತು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ (ಅದರ ಪೇಪರ್‌ಗಳಿಗೆ ಸರಾಸರಿ ಎಷ್ಟು ಸೈಟೇಷನ್ ಸಿಗುತ್ತವೆ ಅನ್ನುವ ಸಂಖ್ಯೆ) ವಿಜ್ಞಾನಿಯನ್ನು ಅಳೆಯಬೇಡಿ ಅನ್ನುವ ಡೋರಾ ಘೋಷಣೆ ಹುಟ್ಟಿದ್ದು ಕೂಡ 2012ರ ಸೆಲ್ ಬಯಾಲಜಿ ಸಮ್ಮೇಳನವೊಂದರಲ್ಲೇ.

ಪೇಪರ್‌ಗಳ ಹೆಸರನ್ನು ಪಬ್‌ಪಿಯರ್‌ನಲ್ಲೂ (ಪ್ರಕಟವಾದ ಪೇಪರ್‌ಗಳ ಬಗ್ಗೆ ಓದುಗರು ಟಿಪ್ಪಣಿ ಬರೆಯುವ ಜಾಲತಾಣ) ಹಾಕಿ ನೋಡಿ. ಒಂದೇ ಬ್ಲಾಟ್ ಚಿತ್ರವನ್ನು (ಪ್ರೋಟೀನ್ ಇದೆಯೋ ಇಲ್ಲವೋ ಅಂತ ತೋರಿಸುವ ಪಟ್ಟೆಗಳ ಚಿತ್ರ) ಎರಡು ಕಡೆ ಬಳಸಿದ್ದಾರೆ ಅಂತ ಯಾರಾದರೂ ಬರೆದಿದ್ದರೆ ಲೇಖಕರ ಉತ್ತರವನ್ನೂ ಓದಿ. ತಪ್ಪು ಒಪ್ಪಿ ತಿದ್ದಿದವರೂ ಇದ್ದಾರೆ.

ಕಳೆದ ಮೂರು ವರ್ಷದಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬರು ಮೊದಲ ಲೇಖಕರಾಗಿ ಬರೆದ ಒಂದು ಪೇಪರ್ ಆರಿಸಿಕೊಳ್ಳಿ. ಚಿತ್ರಗಳ ಕೆಳಗಿನ ಸಣ್ಣ ಅಕ್ಷರ ಓದಿ: ಎಷ್ಟು ಕೋಶ ಎಣಿಸಿದರು, ಪ್ರಯೋಗವನ್ನು ಎಷ್ಟು ಸಲ ಮಾಡಿದರು. ಅರ್ಥವಾಗದ್ದನ್ನು ಗುರುತು ಹಾಕಿಕೊಂಡು ಆ ವಿದ್ಯಾರ್ಥಿಗೇ ಮೇಲ್ ಮಾಡಿ. ಎಷ್ಟು ಖುಷಿಯಿಂದ ಉತ್ತರ ಬರುತ್ತದೆ ಅನ್ನೋದನ್ನೂ ಗಮನಿಸಿ.