ತಾಳ ತಪ್ಪಿದಂತೆ ಕೇಳಿಸುವ ಜಪಾನೀ ಹಾಡು

ಪ್ರಶ್ನೆ: ಜಪಾನಿನ ಮೂವರು ಗಾಯಕಿಯರ ‘ಪರ್ಫ್ಯೂಮ್’ ತಂಡದ ‘ಪಾಲಿರಿದಮ್’ ಹಾಡು ನಡುವೆ ತಾಳ ತಪ್ಪಿದಂತೆ ಕೇಳಿಸುವುದೇಕೆ? ಭಾಷೆ ಬಾರದವರು ಅದರಲ್ಲಿ ಏನನ್ನು ಆಸ್ವಾದಿಸಬಹುದು?

ಉತ್ತರ: ತಾಳ ತಪ್ಪಿಲ್ಲ, ಹಾಡಿನ ಹೆಸರೇ ಬಹುಲಯ, ಅಂದರೆ ಏಕಕಾಲಕ್ಕೆ ನಡೆಯುವ ಬೇರೆಬೇರೆ ಲಯಗಳು, ಎಂಬ ಅರ್ಥದ್ದು. 2007ರಲ್ಲಿ ಬಂದ ಈ ಹಾಡನ್ನು ಬರೆದು, ರಾಗ ಹಾಕಿ, ನಿರ್ಮಿಸಿದವರು ಯಾಸುತಾಕಾ ನಾಕಾತಾ. ನಡುಭಾಗದಲ್ಲಿ ಅವರು ಗಾಯನದ ಚಿಕ್ಕ ತುಣುಕೊಂದನ್ನು ಐದು ಎಣಿಕೆಗೊಮ್ಮೆ ಮರಳಿಸುತ್ತಾರೆ, ಆದರೆ ಕೆಳಗಿನ ಡ್ರಮ್ ಎಂಟು ಎಣಿಕೆಯ ಆವರ್ತವನ್ನು ಬಿಡುವುದಿಲ್ಲವಾದ್ದರಿಂದ, ಎರಡೂ ಒಟ್ಟಿಗೆ ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಬರಲು ನಲವತ್ತು ಎಣಿಕೆಗಳು ಬೇಕಾಗುತ್ತವೆ. ಕರ್ನಾಟಕ ಸಂಗೀತ ಬಲ್ಲವರು ಇದನ್ನು ಖಂಡ ನಡೆಯೆಂದು, ಅಂದರೆ ಪ್ರತಿ ಎಣಿಕೆಯನ್ನೇ ಐದು ಸಮಭಾಗ ಮಾಡುವ ಕ್ರಮವೆಂದು, ಭಾವಿಸಬಾರದು. ನಡೆ ಬದಲಾಗದೆ, ಅದರ ಮೇಲೆ ಐದೈದರ ಗುಂಪುಗಳು ಸರಿಯುತ್ತವೆ, ಕಛೇರಿಯಲ್ಲಿ ಮೃದಂಗವೇ ಒಂಟಿಯಾಗಿ ನುಡಿಯುವ ತನಿಯಲ್ಲಿ ಕೇಳುವಂತೆಯೇ. ಒಮ್ಮೆ ಕೈಯಲ್ಲಿ ತಾಳ ಹಾಕುತ್ತಾ ಕೇಳಿ ನೋಡಿ. ಇನ್ನು ತಂತ್ರಾಂಶದಿಂದ ಸಂಸ್ಕರಿಸಿ ಲೋಹದ ಹೊಳಪು ಕೊಟ್ಟ ಧ್ವನಿಗಳನ್ನು ಕೃತಕವೆಂದು ಹಲವರು ತಳ್ಳಿಹಾಕುತ್ತಾರೆ. ನನಗಾದರೋ, ಸರಳವಾದ, ತುಸು ವಿಷಾದದ ರಾಗಕ್ಕೆ ಆ ನಿರ್ಲಿಪ್ತ ದನಿಯೇ ಒಪ್ಪುತ್ತದೆ ಎನ್ನಿಸುತ್ತದೆ, ಏಕೆಂದರೆ ಇಲ್ಲಿ ಕಂಠವೂ ಸಿಂಥಸೈಸರ್‌ನಂತೆ ಒಂದು ವಾದ್ಯವಾಗಿಯೇ ಬಳಕೆಯಾಗಿದೆ.