‘ಇನ್ನು ಹೋಗುವುದು ಯಾವಾಗ?’

ದುಬೈ ಬಿಟ್ಟು ಊರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಅಡಿಕೆ ತೋಟ ಇರುವುದರಿಂದ ಊಟಕ್ಕೆ ತೊಂದರೆಯಿಲ್ಲ. ಆದರೂ ಮದುವೆ, ಪೂಜೆಗಳಿಗೆ ಹೋಗಲು ನಾಚಿಕೆ. ಯುರೋಪಿನಲ್ಲಿ ಸರಕಾರವೇ ಭತ್ಯೆ ಕೊಡುತ್ತದೆ. ಅಲ್ಲಿನ ನಿರುದ್ಯೋಗಿಗಳಿಗೆ ಈ ಕೀಳರಿಮೆ ಇರಲಾರದು, ಅಲ್ಲವೇ?
– ಓದುಗ, ಬದಿಯಡ್ಕ

ಈ ಭತ್ಯೆಯ ಪ್ರಶ್ನೆ ಬಾರದ ವಾರವಿಲ್ಲ. ಕೀಳರಿಮೆ ಅಲ್ಲಿಯೂ ಇರುತ್ತದೆ ಮಾರಾಯರೇ. ಹತ್ತು ಮೆಟ್ಟಿಲಿನ ಏಣಿಯ ಚಿತ್ರ ಮುಂದಿಟ್ಟು ‘ಸಮಾಜದಲ್ಲಿ ನೀವು ಎಷ್ಟನೆಯ ಮೆಟ್ಟಿಲಲ್ಲಿದ್ದೀರಿ?’ ಎಂದು ಹಲವು ದೇಶಗಳಲ್ಲಿ ಸಮೀಕ್ಷೆಗಾರರು ಕೇಳುತ್ತ ಬಂದಿದ್ದಾರೆ. ಭತ್ಯೆ ಧಾರಾಳವಾಗಿರುವ ಕಡೆಯೂ ಕೆಲಸವಿಲ್ಲದವರ ಬೆರಳು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಿಗೇ ಹೋಗುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ 1997ರಲ್ಲಿ ಭತ್ಯೆ ಕಡಿತದ ಬಗ್ಗೆ ಜನಮತಗಣನೆ ನಡೆಯಿತು. ಭತ್ಯೆಯ ಕಾನೂನು ದೇಶಕ್ಕೆಲ್ಲ ಒಂದೇ. ಆದರೂ ಕಡಿತಕ್ಕೆ ಹೆಚ್ಚು ಮತ ಬಿದ್ದ ಊರುಗಳ ನಿರುದ್ಯೋಗಿಗಳು ಹೆಚ್ಚು ಕುಗ್ಗಿದ್ದರು. ಬೇಗ ಕೆಲಸವನ್ನೂ ಹಿಡಿದರು. ಜರ್ಮನಿಯಲ್ಲಿ ಬಹುಕಾಲ ಕೆಲಸವಿಲ್ಲದೆ ಇದ್ದವರು ವಯಸ್ಸಾಗಿ ಪಿಂಚಣಿದಾರರಾದಾಗ ಅವರ ನೆಮ್ಮದಿ ಹೆಚ್ಚಿತು. ದಿನಚರಿ ಹಿಂದಿನದೇ, ಕೈಗೆ ಬರುವ ದುಡ್ಡೂ ಹೆಚ್ಚುಕಡಿಮೆ ಅಷ್ಟೇ. ಕರೆಯುವ ಹೆಸರು ಬದಲಾಗಿತ್ತು.

ನಿಮ್ಮ ತೋಟ ಊಟ ಕೊಟ್ಟಿದೆ, ಹೆಸರು ಕೊಟ್ಟಿಲ್ಲ. ಗಲ್ಫಿನಿಂದ ಬಂದವನಿಗೆ ನಮ್ಮಲ್ಲಿ ‘ಬಂದದ್ದು ಯಾವಾಗ?’ ಆದ ಕೂಡಲೇ ‘ಇನ್ನು ಹೋಗುವುದು ಯಾವಾಗ?’ ಎಂಬ ಪ್ರಶ್ನೆ. ಕೇಳುವ ಅತ್ತೆಗೆ ದುರುದ್ದೇಶವಿಲ್ಲ. ಊರಲ್ಲೇ ಉಳಿದವನನ್ನು ಏನೆನ್ನಬೇಕೆಂದು ಆಕೆಗೂ ತಿಳಿಯದು. ‘ತೋಟ ನೋಡಿಕೊಳ್ಳುತ್ತಿದ್ದೇನೆ, ಸದ್ಯ ಹೋಗುವುದಿಲ್ಲ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿ. ‘ವೀಸಾ ಬರಲಿದೆ’ ಎಂಬ ಸುಳ್ಳು ಬೇಡ, ಮುಂದಿನ ಮದುವೆಯಲ್ಲಿ ಅದಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ. ಮೊದಮೊದಲು ಬಡಿಸಲು ನಿಲ್ಲಿ. ಸಾರಿನ ಬಾಲ್ದಿ ಹಿಡಿದವನ ಬಳಿ ಯಾರೂ ಉದ್ಯೋಗ ವಿಚಾರಿಸುವುದಿಲ್ಲ, ಸಾರು ಕೇಳುತ್ತಾರೆ.

ನಿದ್ದೆ ಕೆಟ್ಟು ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ನನಗೆ ಪತ್ರ ಬರೆಯುತ್ತ ಕೂರಬೇಡಿ. ಅದೇ ದಿನ ಮನೋವೈದ್ಯರನ್ನು ಕಾಣಿ.

ಕೆಲಸ ಸಿಗಲು ಪಚ್ಚೆಯ ಉಂಗುರ ಧರಿಸಬಹುದೇ?
– ಓದುಗ, ಮಂಜೇಶ್ವರ

ಮಾರಿದವನಿಗಂತೂ ಅದರಿಂದ ಕೆಲಸ ಸಿಕ್ಕಿದೆ.

ಮಗ ಕೆಲಸ ಕಳೆದುಕೊಂಡ ಮೇಲೆ ಹಗಲೆಲ್ಲ ಮಲಗುತ್ತಾನೆ. ಮೈಗಳ್ಳತನವೇ?
– ತಾಯಿ, ಕುಂಬಳೆ

ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಗಿರಣಿ ಮುಚ್ಚಿದ ಮೇಲೆ ಗಂಡಸರ ನಡಿಗೆಯೇ ನಿಧಾನವಾಗಿತ್ತು. 1930ರ ದಶಕದ ಆರಂಭದಲ್ಲಿ ಸಂಶೋಧಕರು ಗಡಿಯಾರ ಹಿಡಿದು ಅದನ್ನು ಅಳೆದಿದ್ದಾರೆ. ಅವರೆಲ್ಲ ಗಿರಣಿಯಲ್ಲಿ ದುಡಿದವರೇ. ಬೈಯುವುದನ್ನು ನಿಲ್ಲಿಸಿ ಅಮ್ಮ, ಬೆಳಿಗ್ಗೆ ಸೊಸೈಟಿಗೆ ಹಾಲು ಒಯ್ಯುವ ಕೆಲಸವನ್ನು ಅವನಿಗೆ ಬಿಟ್ಟು ನೋಡಿ.