ಮುಧೋಳದ ಕಬ್ಬಿನ ಹೊಲದ ಗೆದ್ದಲಿಗೂ ಮರ ತಿನ್ನುವ ಜಿರಳೆಗೂ ಸಂಬಂಧವಿದೆಯೇ?

ಇದೆ. ಗೆದ್ದಲು ಇರುವೆಯ ಬಳಗದ್ದಲ್ಲ, ಜಿರಳೆಯದೇ ಕವಲು. ಅದರ ಹತ್ತಿರದ ದಾಯಾದಿ ಕ್ರಿಪ್ಟೋಸರ್ಕಸ್ ಕುಲದ ಮರಜಿರಳೆ. ಅಮೆರಿಕದ ಅಪಲಾಚಿಯನ್ ಕಾಡಿನ ಕ್ರಿಪ್ಟೋಸರ್ಕಸ್ ಪಂಕ್ಚುಲೇಟಸ್‌ಗೆ ರೆಕ್ಕೆಯಿಲ್ಲ, ಉದ್ದ ಸುಮಾರು 2.5 ಸೆಂ.ಮೀ. ಕೊಳೆತ ದಿಮ್ಮಿಯೊಳಗೆ ತಂದೆ, ತಾಯಿ, ಮರಿ ಒಟ್ಟಿಗೇ ವರ್ಷಗಟ್ಟಲೆ ಇರುತ್ತವೆ. ಗೆದ್ದಲಿನಲ್ಲಿರುವಂತೆ ರಾಜ, ರಾಣಿ, ಸೈನಿಕ ಎಂಬ ಭೇದವಿಲ್ಲ. ಮರ ಅರಗಿಸುವುದು ಕರುಳಿನ ಏಕಕೋಶ ಜೀವಿಗಳು. ಮರಿಗಳು ಅವನ್ನು ಪಡೆಯುವುದು ದೊಡ್ಡವುಗಳ ಗುದದ್ರವ ನೆಕ್ಕಿ (ಹೇಸಿಗೆ ಅನಿಸಿದರೂ ಬೇರೆ ದಾರಿಯಿಲ್ಲ).

ನಮ್ಮಲ್ಲಿ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಒಬೆಸಸ್ ಎಂಬ ಗೆದ್ದಲಿನಲ್ಲಿ ಆ ಜೀವಿಗಳಿಲ್ಲ. ಮರ ಅರಗಿಸಲು ಅದು ಗೂಡಿನೊಳಗೆ ಅಣಬೆಯ ಬೂಷ್ಟು ಬೆಳೆಸುತ್ತದೆ. ಹುತ್ತ ಅಗೆದಾಗ ಸಿಗುವ ಸ್ಪಂಜಿನಂಥ ಕಂದು ಗಡ್ಡೆ ಅದರದೇ ತೋಟ. ಬಾಗಿಲ ಚೌಕಟ್ಟಿನ ಮೇಲೆ ಗೆದ್ದಲು ಕಟ್ಟಿದ ಮಣ್ಣುಗೆರೆ ಕೆರೆದರೂ ಮತ್ತೆ ಏಳುವುದು ಇದಕ್ಕೇ: ಗೂಡಿರುವುದು ಮರದಲ್ಲಲ್ಲ, ನೆಲದೊಳಗೆ.